ಮೂಗಿಗಿಂತ ಮೂಗುತಿ ಭಾರವಾಗದಿರಲು: ಬೀಟ್ ಮೇಲೆ ದನಿ ಕೂರಿಸುವ ಕೆಲಸಕ್ಕೆ ರೀಪರ್ 7 ಹೇಗಿದೆ?

ಡೊಂಬಿವ್ಲಿ, ಠಾಣೆ, ಮುಲುಂಡ್, ನವಿ ಮುಂಬಯಿ ಕಡೆಯ ಕನ್ನಡದ ಹುಡುಗರು ಮನೆಯಲ್ಲೇ ಹಾಡಿ, ಮನೆಯಲ್ಲೇ ಮಿಕ್ಸ್ ಮಾಡಿ ನೆಟ್‌ಗೆ ಏರಿಸುವ ಟ್ರ್ಯಾಕ್‌ಗಳ ಮೇಲೆ ಬರುವ ದೂರು ಹೆಚ್ಚುಕಮ್ಮಿ ಒಂದೇ. ಬೀಟ್ ಜೋರಾಯ್ತು, ಮಾತು ತಿಳಿಯಲಿಲ್ಲ. ಅದನ್ನು ಸರಿಮಾಡಲು ಹೋದರೆ ಇನ್ನೊಂದು ತುದಿ: ದನಿ ಮುಂದೆ ಬಂದು ನಿಂತಿದೆ, ಬೀಟ್ ಪಕ್ಕದ ಮನೆಯಲ್ಲಿ ನುಡಿಯುತ್ತಿದೆ. ಎರಡಕ್ಕೂ ದುಬಾರಿ ಪ್ಲಗಿನ್ (ಸದ್ದು ತಿದ್ದುವ ಪುಟ್ಟ ಸಾಫ್ಟ್‌ವೇರ್) ಮದ್ದಲ್ಲ. ಹಾಗಾಗಿ ಇಲ್ಲಿ ರೀಪರ್ 7 ಎಂಬ, ಕಂಪ್ಯೂಟರ್‌ನಲ್ಲಿ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಸಾಫ್ಟ್‌ವೇರನ್ನು ಒಂದೇ ಒಂದು ಕೆಲಸದ ಮಟ್ಟಿಗೆ ನೋಡಿದೆ: ಕೊಂಡುತಂದ ರೆಡಿ ಬೀಟ್ ಮೇಲೆ ಕನ್ನಡದ ದನಿಯ ಲೆವೆಲ್ ಕೂರಿಸುವುದು. ತೀರ್ಪನ್ನು ಮೊದಲೇ ಹೇಳುವುದಾದರೆ, ಈ ದುಡ್ಡಿಗೆ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಅದರ ಬಲ ಜೊತೆಗೆ ಬರುವ ಪ್ಲಗಿನ್‌ಗಳಲ್ಲಿಲ್ಲ. ರೆಕಾರ್ಡ್ ಆದ ದನಿಯನ್ನು ಕಂಪ್ರೆಸರ್‌ಗೆ, ಅಂದರೆ ಜೋರಾದ ಸದ್ದನ್ನು ತಾನಾಗಿ ಒತ್ತುವ ಪ್ಲಗಿನ್‌ಗೆ, ಕೊಡುವ ಮೊದಲೇ ಅಕ್ಷರ ಅಕ್ಷರವಾಗಿ ಏರಿಸಿ ಇಳಿಸಲು ಅದು ಕೊಡುವ ಸಲೀಸಿನಲ್ಲಿದೆ.

ಬೆಲೆಯ ಮಾತು ಮುಗಿಸಿಬಿಡೋಣ. ರೀಪರ್ ಮಾಡುವುದು ಕಾಕೋಸ್, ವಿನ್‌ಆಂಪ್ ಮ್ಯೂಸಿಕ್ ಪ್ಲೇಯರ್ ಬರೆದ ಜಸ್ಟಿನ್ ಫ್ರಾಂಕೆಲ್ ಕಟ್ಟಿದ ಕಂಪನಿ. 7ನೇ ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು. ವಿಂಡೋಸ್‌ಗೆ ಇಳಿಸಿಕೊಳ್ಳುವ ಫೈಲ್ 20 ಎಂಬಿ ಒಳಗೇ ಮುಗಿಯುತ್ತದೆ. ಮ್ಯಾಕ್, ಲಿನಕ್ಸ್‌ಗೂ ಇದೆ. 60 ದಿನ ಯಾವ ಸೌಲಭ್ಯಕ್ಕೂ ಬೀಗ ಹಾಕದೆ ಪೂರ್ತಿ ಬಳಸಲು ಬಿಡುತ್ತಾರೆ. ಆಮೇಲೆ ಸ್ವಂತ ಬಳಕೆಯವರಿಗೂ, ವರ್ಷದ ವಹಿವಾಟು 20,000 ಡಾಲರ್ ದಾಟದವರಿಗೂ 60 ಡಾಲರ್, ಅಂದರೆ ಐದು ಸಾವಿರ ರೂಪಾಯಿಗಿಂತ ತುಸು ಮೇಲೆ. ದೊಡ್ಡ ವಹಿವಾಟಿನವರಿಗೆ 225. ಈಗ ಕೊಂಡ ಲೈಸನ್ಸ್ 8ನೇ ಆವೃತ್ತಿ ಮುಗಿಯುವವರೆಗೂ ನಡೆಯುತ್ತದೆ. 60 ದಿನ ಕಳೆದರೂ ಸಾಫ್ಟ್‌ವೇರ್ ನಿಲ್ಲುವುದಿಲ್ಲ, ತೆರೆದಾಗಲೆಲ್ಲ ಕೆಲವು ಸೆಕೆಂಡ್ ಒಂದು ನೆನಪೋಲೆ ತೋರಿಸುತ್ತದೆ, ಅಷ್ಟೇ. ಅದನ್ನೇ ನೆಪಮಾಡಿಕೊಂಡು ವರ್ಷಗಟ್ಟಲೆ ಬಿಟ್ಟಿ ಓಡಿಸುವವರಿದ್ದಾರೆ. ಕ್ರ್ಯಾಕ್, ಅಂದರೆ ಬೀಗ ಮುರಿದ ಪ್ರತಿ, ಹುಡುಕಿಸದ ಕಂಪನಿಗೆ ಐದು ಸಾವಿರ ಕೊಡುವುದು ಮರ್ಯಾದೆ.

ಇನ್ನು ಕೆಲಸ. ಮೊದಲು ಮುಟ್ಟಬೇಕಾದದ್ದು ದನಿಯನ್ನಲ್ಲ, ಬೀಟ್ ಅನ್ನು.

ಬೀಟ್ ಮಾರುವವರು ಕೊಡುವ ಸ್ಟೀರಿಯೊ ಫೈಲ್ ಸಾಮಾನ್ಯವಾಗಿ ಮಾಸ್ಟರ್ ಆಗಿಯೇ, ಅಂದರೆ ಜೋರು ಮಾಡಿ ಮುಗಿಸಿದ ರೂಪದಲ್ಲೇ, ಬಂದಿರುತ್ತದೆ. ಪೀಕ್, ಅಂದರೆ ಅಲೆಯ ತುತ್ತತುದಿ, 0 ಡಿಬಿಗೆ (ಡೆಸಿಬೆಲ್; ಇಲ್ಲಿ 0 ಎಂಬುದೇ ಮೇಲಿನ ಮಿತಿ) ತಾಗಿರುತ್ತದೆ, ಲೌಡ್‌ನೆಸ್ -8ರಿಂದ -10 ಲಫ್ಸ್ (LUFS, ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಇರುವುದು ಮಾಮೂಲು. ಎಂಪಿತ್ರೀ ಆಗಿದ್ದರೆ ಇನ್ನೂ ಕೆಟ್ಟದ್ದು, ಬಿಚ್ಚಿದಾಗ ಪೀಕ್‌ಗಳು 0 ದಾಟಿಯೂ ಹೋಗುತ್ತವೆ. ಅಂಥ ತುಂಬಿದ ಲೋಕಲ್ ರೈಲಿಗೆ ದನಿಯನ್ನು ಹತ್ತಿಸಲು ಹೋದರೆ ಆಗುವುದೇನು? ದನಿಯ ಫೇಡರ್ (ವಾಲ್ಯೂಮ್ ಜಾರುಗುಂಡಿ) ಏರಿಸುತ್ತೀರಿ, ಎಲ್ಲ ಸದ್ದೂ ಸೇರುವ ಮಾಸ್ಟರ್ ಟ್ರ್ಯಾಕ್‌ನ ಮೀಟರ್ ಕೆಂಪಾಗುತ್ತದೆ. ಕೆಂಪಾಯಿತೆಂದು, ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಹಾಕುತ್ತೀರಿ. ಲಿಮಿಟರ್ ಕಿಕ್ ಡ್ರಮ್ ಬಿದ್ದಾಗಲೆಲ್ಲ ದನಿಯನ್ನೂ ಸೇರಿಸಿ ಒತ್ತುತ್ತದೆ. ಮಾತು ಮತ್ತೆ ಮುಳುಗಿತೆಂದು ಫೇಡರ್ ಇನ್ನೂ ಏರಿಸುತ್ತೀರಿ. ಈ ಸುತ್ತಿನಲ್ಲಿ ಸಿಕ್ಕಿಬಿದ್ದ ಮಿಕ್ಸ್ ಕೇಳಿದ ಕೂಡಲೇ ಗೊತ್ತಾಗುತ್ತದೆ: ಎಲ್ಲವೂ ಜೋರು, ಯಾವುದೂ ಸ್ಪಷ್ಟವಿಲ್ಲ.

ಆದ್ದರಿಂದ ಬೀಟ್‌ನ ಐಟಂ (ಟ್ರ್ಯಾಕ್ ಮೇಲೆ ಕೂತ ಆಡಿಯೋ ತುಂಡು) ಆರಿಸಿ ಎಫ್2 ಒತ್ತಿ, ಬರುವ ಕಿಟಕಿಯಲ್ಲಿ ವಾಲ್ಯೂಮ್ ಜಾಗಕ್ಕೆ -10 ಎಂದು ಬರೆಯಿರಿ. ಟ್ರ್ಯಾಕ್‌ನ ಫೇಡರ್ 0ಯಲ್ಲೇ ಇರಲಿ. ಫೇಡರ್ ಎಳೆದೂ ಇಳಿಸಬಹುದಲ್ಲ ಎಂದರೆ, ಇಳಿಸಬಹುದು, ಆದರೆ ಫೇಡರ್‌ನ ಅಳತೆಪಟ್ಟಿ 0ಯ ಆಸುಪಾಸಿನಲ್ಲಿ ವಿಶಾಲ, ಕೆಳಗೆ ಹೋದಂತೆ ಇಕ್ಕಟ್ಟು. ಮೇಲೆ ಒಂದು ಕೂದಲೆಳೆ ಸರಿಸಿದರೆ ಕಾಲು ಡಿಬಿ, ಕೆಳಗೆ ಅದೇ ಕೂದಲೆಳೆಗೆ ಎರಡು ಮೂರು ಡಿಬಿ. ಕೊನೆಯ ಬ್ಯಾಲೆನ್ಸ್ ಅರ್ಧ ಡಿಬಿಯ ಆಟವಾದ್ದರಿಂದ ಫೇಡರ್‌ಗಳನ್ನು 0ಯ ಬಳಿ ಉಳಿಸಿಕೊಳ್ಳುವುದೇ ಜಾಣತನ. ಕಂಟ್ರೋಲ್ ಹಿಡಿದು ಎಳೆದರೆ ಫೇಡರ್ ನಿಧಾನಕ್ಕೆ ಸರಿಯುತ್ತದೆ, ಎರಡು ಸಲ ಕ್ಲಿಕ್ಕಿಸಿದರೆ 0ಗೆ ಮರಳುತ್ತದೆ.

ರೆಕಾರ್ಡಿಂಗ್ ಬಗ್ಗೆ ಎರಡೇ ಮಾತು. 24 ಬಿಟ್‌ನಲ್ಲಿ ಮಾಡಿ, ಅತಿ ಜೋರಾದ ಅಕ್ಷರವೂ -6 ದಾಟದಿರಲಿ. ಮತ್ತೆ, ಮುಂಬಯಿಯ ಫ್ಲ್ಯಾಟ್‌ನಲ್ಲಿ ಫ್ಯಾನ್, ಕಿಟಕಿಯ ಪಾರಿವಾಳ, ಮಳೆಗಾಲದಲ್ಲಿ ಛಜ್ಜಾದ ತಗಡಿನ ಮೇಲೆ ಬೀಳುವ ಹನಿ ಎಲ್ಲವೂ ಮೈಕ್‌ಗೆ ಹೋಗುತ್ತವೆ. ಕಂಪ್ರೆಸರ್ 6 ಡಿಬಿ ಒತ್ತಿ, ನೀವು ಅದನ್ನು 6 ಡಿಬಿ ಏರಿಸಿ ಸರಿದೂಗಿಸಿದಿರಿ ಎನ್ನಿ. ದನಿ ಅಲ್ಲೇ ಇರುತ್ತದೆ, ಫ್ಯಾನಿನ ಸದ್ದು ಮಾತ್ರ 6 ಡಿಬಿ ಮೇಲೆ ಬಂದಿರುತ್ತದೆ. ಫ್ಯಾನ್ ನಿಲ್ಲಿಸಿ, ಬಟ್ಟೆ ತುಂಬಿದ ಕಪಾಟು ತೆರೆದು ಅದರತ್ತ ಬೆನ್ನು ಮಾಡಿ ನಿಂತು ಹಾಡುವುದು ಯಾವ ನಾಯ್ಸ್ ಪ್ಲಗಿನ್‌ಗಿಂತಲೂ ಮೇಲು. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಬೀಟ್ ಕೇಳುತ್ತಾ ರೆಕಾರ್ಡ್ ಮಾಡಬೇಡಿ. ಬೀಟ್ ಕಿವಿಗೆ ತಡವಾಗಿ ತಲುಪುತ್ತದೆ, ದನಿಯೂ ತಡವಾಗಿ ಬೀಳುತ್ತದೆ. ಹಿಂದೆ ಬಿದ್ದ ದನಿ ಎಷ್ಟು ಜೋರು ಮಾಡಿದರೂ ಬೀಟ್ ಮೇಲೆ ಕೂರುವುದಿಲ್ಲ.

ಈಗ ರೀಪರ್ ನಿಜಕ್ಕೂ ಗೆಲ್ಲುವ ಜಾಗ. ಒಂದು ಸಾಲು ತೆಗೆದುಕೊಳ್ಳೋಣ, 90 ಬಿಪಿಎಂ (ನಿಮಿಷಕ್ಕೆ 90 ತಾಳದ ಏಟು) ಬೀಟ್ ಮೇಲೆ:

ಡೊಂಬಿವ್ಲಿ ಫಾಸ್ಟು ಬಿಟ್ಟೋಯ್ತು, ಸ್ಲೋ ಹತ್ತಿ ಹೊಂಟೆ.

ಇದನ್ನು ಯಾರೇ ಒಂದೇ ಉಸಿರಲ್ಲಿ ಹೇಳಲಿ, ‘ಡೊಂ’ ಗುದ್ದಿ ಬರುತ್ತದೆ, ‘ಹೊಂಟೆ’ ಹೊತ್ತಿಗೆ ಉಸಿರು ತೀರಿರುತ್ತದೆ. ಮೀಟರ್‌ನಲ್ಲಿ ಮೊದಲ ಅಕ್ಷರಕ್ಕೂ ಕೊನೆಯ ಅಕ್ಷರಕ್ಕೂ 8ರಿಂದ 10 ಡಿಬಿ ಅಂತರ ಕಂಡರೆ ಅಚ್ಚರಿಯಿಲ್ಲ. ಕನ್ನಡದ ಪೇಚು ಇಲ್ಲೇ ಇರುವುದು. ನಮ್ಮಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಹೋದನೋ ಹೋಗಲಿಲ್ಲವೋ, ಹತ್ತಿದೆನೋ ಹತ್ತಲಿಲ್ಲವೋ ಎಂಬುದು ತೀರ್ಮಾನವಾಗುವುದೇ ಬಾಲದಲ್ಲಿ, ದನಿ ಬೀಳುವುದೂ ಅದೇ ಬಾಲದಲ್ಲಿ. ಇಂಗ್ಲಿಷ್ ರ್‍ಯಾಪ್‌ಗೆಂದು ಮಾಡಿದ ವಿಡಿಯೋ ನೋಡಿ ಕಂಪ್ರೆಸರ್ ಸೆಟ್ಟಿಂಗ್ ನಕಲು ಮಾಡಿದರೆ ಸಾಲಿನ ತಲೆ ಮಾತ್ರ ನೆಟ್ಟಗಾಗುತ್ತದೆ, ಬಾಲ ಹಾಗೇ ಬೀಟ್‌ನೊಳಗೆ ಮುಳುಗಿರುತ್ತದೆ. ಎತ್ತಬೇಕಾದದ್ದು ಬಾಲವನ್ನು.

ಮಾಡುವ ಬಗೆ ಹೀಗೆ. ಅಲೆಯ ಚಿತ್ರ ದೊಡ್ಡದು ಮಾಡಿಕೊಂಡು ‘ಡೊಂ’ ಮುಗಿಯುವಲ್ಲಿ ಕರ್ಸರ್ ಇಟ್ಟು ಎಸ್ ಒತ್ತಿ, ಐಟಂ ಎರಡಾಗುತ್ತದೆ. ಕತ್ತರಿಸಿದ ಅಂಚಿಗೆ ರೀಪರ್ ತಾನಾಗಿಯೇ ಚಿಕ್ಕ ಕ್ರಾಸ್‌ಫೇಡ್ (ಒಂದು ತುಂಡು ಕರಗುತ್ತಾ ಇನ್ನೊಂದು ಮೂಡುವ ಬೆಸುಗೆ) ಹಾಕುವುದರಿಂದ ಟಿಕ್ ಸದ್ದು ಬರುವುದಿಲ್ಲ. ‘ಡೊಂ’ ತುಂಡಿಗೆ ಎಫ್2, -3. ‘ಹೊಂಟೆ’ಗೆ ಮೊದಲು ಮತ್ತೊಂದು ಎಸ್, ಆ ತುಂಡಿಗೆ +3. ‘ಸ್ಲೋ’ದ ಸಕಾರ ಚುಚ್ಚುತ್ತಿದ್ದರೆ ಆ ಸಣ್ಣ ಚೂರನ್ನಷ್ಟೇ ಬೇರೆ ಮಾಡಿ -4. ಸಾಲಿಗೆ ಅರ್ಧ ನಿಮಿಷದ ಕೆಲಸ. 16 ಸಾಲಿನ ಒಂದು ಚರಣಕ್ಕೆ ಹತ್ತು ನಿಮಿಷವೂ ಹಿಡಿಯುವುದಿಲ್ಲ. ಇಷ್ಟು ಕತ್ತರಿಸಲು ಮನಸ್ಸಿಲ್ಲದವರು ಐಟಂ ಆರಿಸಿ ಶಿಫ್ಟ್ ವಿ ಒತ್ತಿದರೆ ಅದರ ಮೇಲೆಯೇ ಒಂದು ವಾಲ್ಯೂಮ್ ಗೆರೆ ತೆರೆದುಕೊಳ್ಳುತ್ತದೆ, ಬಿಂದು ಇಟ್ಟು ಎಳೆಯುತ್ತಾ ಹೋಗಬಹುದು. ರಾಗವೆಳೆದು ಹಾಡುವವರಿಗೆ ಈ ಗೆರೆಯೇ ಸರಿ, ರ್‍ಯಾಪ್‌ಗೆ ಎಸ್ ಕತ್ತರಿಯೇ ಚುರುಕು.

ಎರಡೂ ಕಂಪ್ರೆಸರ್‌ಗಿಂತ ಮೊದಲು ನಡೆಯುವ ತಿದ್ದುಪಡಿಗಳು ಎಂಬುದೇ ಮುಖ್ಯ. ಟ್ರ್ಯಾಕ್ ಆರಿಸಿ ಬರೀ ವಿ ಒತ್ತಿದರೆ ಬರುವ ಗೆರೆ ಬೇರೆ, ಅದು ಎಲ್ಲ ಪ್ಲಗಿನ್‌ಗಳನ್ನು ದಾಟಿದ ಮೇಲಿನ ವಾಲ್ಯೂಮ್. ಅಲ್ಲಿ ‘ಹೊಂಟೆ’ಯನ್ನು ಏರಿಸಿದರೆ ಕಂಪ್ರೆಸರ್ ಹಿಂಡಿದ ‘ಡೊಂ’ ಹಿಂಡಿದ ಹಾಗೇ ಉಳಿಯುತ್ತದೆ. ರೀಪರ್ ಮೇಲಿನ ನಮ್ಮ ದೊಡ್ಡ ತಕರಾರೂ ಇದೇ. ಐಟಂ ವಾಲ್ಯೂಮ್, ಟೇಕ್ ವಾಲ್ಯೂಮ್ ಗೆರೆ, ಪ್ಲಗಿನ್‌ಗೆ ಮುಂಚಿನ ಟ್ರ್ಯಾಕ್ ಗೆರೆ, ಪ್ಲಗಿನ್ ನಂತರದ ಗೆರೆ, ಅದರ ಮೇಲೊಂದು ಟ್ರಿಮ್ ಗೆರೆ, ಕೊನೆಗೆ ಫೇಡರ್. ಒಂದೇ ದನಿಗೆ ಆರು ಕಡೆ ವಾಲ್ಯೂಮ್! ಯಾವುದು ಯಾವುದರ ಮುಂದೆ ಎಂದು ಪರದೆಯ ಮೇಲೆ ಎಲ್ಲೂ ಬರೆದಿಲ್ಲ. ಹೊಸಬರು ಒಂದು ಕಡೆ ಇಳಿಸಿ, ಇನ್ನೊಂದು ಕಡೆ ಏರಿಸಿ, ಮೂರನೇ ದಿನ ಎಲ್ಲಿ ಏನು ಮಾಡಿದೆವೆಂದು ಹುಡುಕುತ್ತಾ ಕೂರುತ್ತಾರೆ. ಅಕ್ಷರ ತಿದ್ದಲು ಐಟಂ, ಚರಣ ಪಲ್ಲವಿಗಳ ಏರಿಳಿತಕ್ಕೆ ವಿ ಗೆರೆ, ಉಳಿದವನ್ನು ಮುಟ್ಟುವುದೇ ಬೇಡ.

ಆಮೇಲೆ ರಿಯಾಈಕ್ಯೂ, ಸದ್ದಿನ ತಗ್ಗಿನ, ಎತ್ತರದ ಪಟ್ಟೆಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ರೀಪರ್‌ನ ಈಕ್ವಲೈಜರ್. ದನಿಗೆ 80ರಿಂದ 100 ಹರ್ಟ್ಸ್ ಕೆಳಗಿನದನ್ನು ಹೈಪಾಸ್‌ನಿಂದ ಕಡಿದರೆ ‘ಫಾಸ್ಟು’, ‘ಭ’, ‘ಪ’ ಮೈಕ್‌ಗೆ ಊದಿದ ಗಾಳಿಯ ದಬ್ ಹೋಗುತ್ತದೆ. ಆ ದಬ್ ಕಿವಿಗೆ ಅಷ್ಟಾಗಿ ಕೇಳಿಸದಿದ್ದರೂ ಕಂಪ್ರೆಸರ್‌ಗೆ ಕೇಳಿಸುತ್ತದೆ. ಇಲ್ಲದ ಜೋರಿಗೆ ಬೆದರಿ ಇಡೀ ಪದವನ್ನು ಒತ್ತಿಬಿಡುತ್ತದೆ.

ರೀಪರ್‌ನ ಕಂಪ್ರೆಸರ್ ರಿಯಾಕಾಂಪ್ ನೋಡಲು ಸರ್ಕಾರಿ ಅರ್ಜಿ ನಮೂನೆಯಂತಿದೆ, ಕೆಲಸ ಮಾತ್ರ ಅಚ್ಚುಕಟ್ಟು. ಕನ್ನಡದ ರ್‍ಯಾಪ್‌ಗೆ ಶುರುಮಾಡಬಹುದಾದ ಅಂಕಿಗಳು: ರೇಶಿಯೋ (ಒತ್ತುವ ಪ್ರಮಾಣ) 3, ಅಟ್ಯಾಕ್ (ಒತ್ತಲು ಹಿಡಿಯುವ ಹೊತ್ತು) 8 ಮಿಲಿಸೆಕೆಂಡ್, ರಿಲೀಸ್ (ಒತ್ತು ಬಿಡಲು ಹಿಡಿಯುವ ಹೊತ್ತು) 90 ಮಿಲಿಸೆಕೆಂಡ್, ಜೋರಾದ ಪದಗಳಲ್ಲಿ 3ರಿಂದ 5 ಡಿಬಿ ಇಳಿಯುವಷ್ಟು ಥ್ರೆಶೋಲ್ಡ್ (ಒತ್ತು ಶುರುವಾಗುವ ಮಟ್ಟ). ಆಟೋ ಮೇಕಪ್‌ಗೆ (ಒತ್ತಿದ್ದಷ್ಟನ್ನು ತಾನಾಗಿ ಏರಿಸುವ ಆಯ್ಕೆ) ಟಿಕ್ ಬೇಡ. ಈ ಅಂಕಿಗಳು ಎಲ್ಲಿಂದ ಬಂದವೆಂದು ತಿಳಿದರೆ ಬೇರೆ ಬೀಟ್‌ಗೆ ನೀವೇ ಹೊಂದಿಸಿಕೊಳ್ಳಬಹುದು. 90 ಬಿಪಿಎಂನಲ್ಲಿ ತಾಳದ ಒಂದು ಏಟು ಅಂದರೆ ನಿಮಿಷದ 60,000 ಮಿಲಿಸೆಕೆಂಡ್ ಭಾಗಿಸು 90, ಸುಮಾರು 667 ಮಿಲಿಸೆಕೆಂಡ್. ಅದರಲ್ಲಿ ನಾಲ್ಕು ಅಕ್ಷರ ಬಿದ್ದರೆ ಅಕ್ಷರಕ್ಕೆ 167. ಒಂದು ಅಕ್ಷರಕ್ಕೆ ಒತ್ತಿದ ಕೈಯನ್ನು ಕಂಪ್ರೆಸರ್ ಮುಂದಿನ ಅಕ್ಷರ ಬರುವುದರೊಳಗೆ ತೆಗೆಯಬೇಕು, ಹಾಗಾಗಿ ರಿಲೀಸ್ 167ಕ್ಕಿಂತ ಸಾಕಷ್ಟು ಕೆಳಗೆ. ಅದನ್ನು 400 ಮಾಡಿ ನೋಡಿ: ‘ಡೊಂ’ ಗುದ್ದಿದ ಏಟಿಗೆ ‘ಬಿವ್ಲಿ’ ಮುಳುಗಿರುತ್ತದೆ. 20 ಮಾಡಿ ನೋಡಿ: ಪದಗಳ ನಡುವೆ ಎಳೆದ ಉಸಿರು ಪದದಷ್ಟೇ ಜೋರಾಗಿ ಬಂದು ಗಾಯಕನಿಗೆ ದಮ್ಮು ಹಿಡಿದಂತೆ ಕೇಳುತ್ತದೆ.

ಅಟ್ಯಾಕ್ ವಿಷಯದಲ್ಲಿ ನಮ್ಮ ಒತ್ತಕ್ಷರಗಳು ಒಳ್ಳೆಯ ಪರೀಕ್ಷೆ. ‘ಬಿಟ್ಟೋಯ್ತು’ ಅನ್ನುವಾಗ ‘ಟ್ಟ’ಕ್ಕೆ ಮೊದಲು ನಾಲಗೆ ಅಂಗುಳಕ್ಕೆ ಒತ್ತಿ ಒಂದು ಕ್ಷಣ ಪೂರ್ತಿ ಮೌನ, ಆಮೇಲೆ ಸಿಡಿತ. ಅಲೆಯ ಚಿತ್ರದಲ್ಲೂ ಆ ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ. ಅಟ್ಯಾಕ್ 1 ಮಿಲಿಸೆಕೆಂಡ್ ಇಟ್ಟರೆ ಸಿಡಿತವನ್ನೇ ಹಿಂಡಿ ‘ಬಿಟೋಯ್ತು’ ಅಂದಂತಾಗುತ್ತದೆ. 30 ಇಟ್ಟರೆ ಸಿಡಿತವೆಲ್ಲ ಹಾಗೇ ದಾಟಿ, ಸ್ನೇರ್ ಡ್ರಮ್ ಜೊತೆ ಬಿದ್ದಾಗ ಕಿವಿಗೆ ಹೊಡೆಯುತ್ತದೆ. 5ರಿಂದ 10ರ ನಡುವೆ ಪದದ ಮೊನೆ ಉಳಿದು ಮೈ ನಯವಾಗುತ್ತದೆ. ಕಂಪ್ರೆಸರ್ ಹಾಕಿದ್ದು ಒಳ್ಳೆಯದಾಯಿತೋ ಎಂದು ತಿಳಿಯಲು ಔಟ್‌ಪುಟ್ ಅನ್ನು ಕೈಯಾರೆ 3 ಡಿಬಿಯಷ್ಟು ಏರಿಸಿ ಹಳೆಯ ಜೋರಿಗೆ ಸರಿಮಾಡಿ, ನಂತರ ಪ್ಲಗಿನ್‌ನ ಟಿಕ್ ತೆಗೆದು ಹಾಕಿ ಹೋಲಿಸಿ. ಜೋರಾದದ್ದೆಲ್ಲ ಕಿವಿಗೆ ಚೆಂದ ಅನ್ನಿಸುತ್ತದೆ. ಆಟೋ ಮೇಕಪ್ ಬೇಡ ಎಂದದ್ದು ಈ ಮೋಸ ತಪ್ಪಿಸಲು.

ದನಿ ಒಂದು ಹದಕ್ಕೆ ಬಂದ ಮೇಲೂ ಬೀಟ್ ದಾರಿ ಬಿಡದೆ ಇರಬಹುದು. ಸಿಂತ್, ಗಿಟಾರ್ ಸ್ಯಾಂಪಲ್‌ಗಳು ದನಿಯ ಜಾಗದಲ್ಲೇ, ಅಂದರೆ 1ರಿಂದ 4 ಕಿಲೋಹರ್ಟ್ಸ್ ನಡುವೆ ತುಂಬಿಕೊಂಡಿರುತ್ತವೆ. ಲಕಾರ ಳಕಾರಗಳ ಭೇದ ಕಾಣಿಸುವುದೂ ಈ ಪಟ್ಟೆಯ ನೆರವಿನಿಂದಲೇ. ಬೀಟ್ ಟ್ರ್ಯಾಕ್‌ಗೆ ರಿಯಾಈಕ್ಯೂ ಹಾಕಿ 2.5 ಕಿಲೋಹರ್ಟ್ಸ್ ಸುತ್ತ ಎರಡು ಆಕ್ಟೇವ್ ಅಗಲದ 2 ಡಿಬಿ ತಗ್ಗು ಮಾಡಿದರೆ ಅರ್ಧ ಜಗಳ ಮುಗಿಯುತ್ತದೆ. 2 ಸಾಕು, 5 ಮಾಡಿದರೆ ಬೀಟ್ ಕಂಬಳಿ ಹೊದ್ದಂತಾಗುತ್ತದೆ.

ಇನ್ನರ್ಧಕ್ಕೆ ಸೈಡ್‌ಚೈನ್, ಅಂದರೆ ಒಂದು ಟ್ರ್ಯಾಕ್‌ನ ಸದ್ದು ಇನ್ನೊಂದರ ಕಂಪ್ರೆಸರ್ ಅನ್ನು ನಡೆಸುವುದು. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ: ಭಾಗವತರು ಪದ ಎತ್ತಿದಾಗ ಚೆಂಡೆಯವರ ಕೈ ತಗ್ಗುತ್ತದೆ, ಪದ ನಿಂತ ಕೂಡಲೇ ಚೆಂಡೆ ಎದ್ದು ಬರುತ್ತದೆ. ರೀಪರ್‌ನಲ್ಲಿ ದನಿ ಟ್ರ್ಯಾಕ್‌ನ ರೂಟ್ ಗುಂಡಿಯನ್ನು ಹಿಡಿದು ಬೀಟ್ ಟ್ರ್ಯಾಕ್ ಮೇಲೆ ಬಿಡಿ. ತೆರೆದ ಕಿಟಕಿಯಲ್ಲಿ ಆಡಿಯೋ 1/2 ಎಂಬುದು 3/4ಕ್ಕೆ ಹೋಗುವಂತೆ ಬದಲಿಸಿ. ಇದನ್ನು ಮರೆತು 1/2ಕ್ಕೇ ಬಿಟ್ಟರೆ ದನಿ ಎರಡು ದಾರಿಯಿಂದ ಮಾಸ್ಟರ್ ಸೇರಿ ಇದ್ದಕ್ಕಿದ್ದಂತೆ ಜೋರಾಗುತ್ತದೆ, ಹಲವರು ಇಲ್ಲೇ ಎಡವಿ ಸೈಡ್‌ಚೈನ್ ಕೆಲಸ ಮಾಡುತ್ತಿಲ್ಲ ಎನ್ನುತ್ತಾರೆ. ಅದೇ ಕಿಟಕಿಯಲ್ಲಿ ಪೋಸ್ಟ್ ಫೇಡರ್ ಇದ್ದುದನ್ನು ಪ್ರೀ ಫೇಡರ್ ಮಾಡಿ. ಇಲ್ಲದಿದ್ದರೆ ದನಿಯ ಫೇಡರ್ ಮುಟ್ಟಿದಾಗಲೆಲ್ಲ ಬೀಟ್ ತಗ್ಗುವ ಪ್ರಮಾಣವೂ ಬದಲಾಗುತ್ತದೆ. ಈಗ ಬೀಟ್ ಮೇಲೆ ರಿಯಾಕಾಂಪ್ ಹಾಕಿ, ಡಿಟೆಕ್ಟರ್ ಇನ್‌ಪುಟ್‌ನಲ್ಲಿ ಆಕ್ಸಿಲರಿ ಆರಿಸಿ, ರೇಶಿಯೋ 2, ಅಟ್ಯಾಕ್ 15, ರಿಲೀಸ್ 150. ಮೀಟರ್‌ನಲ್ಲಿ ಒಂದೂವರೆಯಿಂದ 2 ಡಿಬಿ ಇಳಿದರೆ ಸರಿ. ಬೀಟ್ ತಗ್ಗುತ್ತಿರುವುದು ಕಿವಿಗೆ ಗೊತ್ತಾಯಿತೆಂದರೆ ಹೆಚ್ಚಾಯಿತು.

ಇಷ್ಟಾದ ಮೇಲೆ ಫೇಡರ್. ಎಡಬಲದ ಸದ್ದನ್ನು ಒಂದಾಗಿಸುವ ಮಾಸ್ಟರ್‌ನ ಮೋನೋ ಗುಂಡಿ ಒತ್ತಿ, ಪಕ್ಕದಲ್ಲಿ ಕೂತವರ ಜೊತೆ ಮಾತಾಡಬಹುದಾದಷ್ಟು ಮೆಲ್ಲಗೆ ಇಡಿ. ಸದ್ದು ಕಡಿಮೆಯಾದಷ್ಟೂ ಕಿವಿಗೆ ಬಾಸ್ ಕಮ್ಮಿ ಕೇಳುತ್ತದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ ಸಂಗತಿಯಿದು. ಜೋರಾಗಿ ಕೇಳುತ್ತಾ ಮಿಕ್ಸ್ ಮಾಡುವವರಿಗೆ 808ರ (ಬೀಟ್‌ನ ಆಳದ ಬಾಸ್) ಗುಂಗಿನಲ್ಲಿ ದನಿ ಸರಿಯಾಗಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ದನಿಯನ್ನು ಪೂರ್ತಿ ಇಳಿಸಿ ಬೀಟ್ ಓಡಿಸಿ, ಪ್ರತಿ ಪದವೂ ತಿಳಿಯುವವರೆಗೆ ನಿಧಾನಕ್ಕೆ ಏರಿಸಿ, ಅಂಕಿ ಬರೆದಿಟ್ಟುಕೊಳ್ಳಿ. ಮತ್ತೆ ಅತಿಯಾಗಿ ಏರಿಸಿ ಅಲ್ಲಿಂದ ಇಳಿಸುತ್ತಾ ಬನ್ನಿ, ದನಿ ಬೀಟ್‌ಗೆ ಸೇರಿತೆನ್ನುವಲ್ಲಿ ಇನ್ನೊಂದು ಅಂಕಿ. ಎರಡರ ನಡುವೆ ಸಾಮಾನ್ಯವಾಗಿ 2 ಡಿಬಿ ಇರುತ್ತದೆ, ನಡುವಿನದನ್ನು ಹಿಡಿಯಿರಿ. ಅಂದಾಜಿಗೆ ಅಳತೆ ಬೇಕಿದ್ದವರು ಜೊತೆಗೇ ಬರುವ ಜೆಎಸ್ ಲೌಡ್‌ನೆಸ್ ಮೀಟರ್ ಅನ್ನು ಮಾಸ್ಟರ್‌ಗೆ ಹಾಕಿ, ಬೀಟ್ ಒಂದನ್ನೇ, ದನಿ ಒಂದನ್ನೇ ಸೋಲೋ ಮಾಡಿ ನೋಡಲಿ. ಎರಡೂ -20 ಲಫ್ಸ್ ಆಸುಪಾಸು ಬಂದರೆ ರ್‍ಯಾಪ್‌ಗೆ ಒಳ್ಳೆಯ ಶುರು. ಕೂಡಿದಾಗ ಸುಮಾರು -17 ಆಗುತ್ತದೆ. ಅಲ್ಲಿಂದ ಮುಂದೆ ಕಿವಿಯದೇ ತೀರ್ಮಾನ.

ಕಿವಿ ಅಂದರೆ ಹಾಡು ಬರೆದವನ ಕಿವಿಯಲ್ಲ. ಸಾಹಿತ್ಯ ಬಾಯಿಪಾಠ ಇರುವವನಿಗೆ ದನಿ ಎಷ್ಟು ಸಣ್ಣದಿದ್ದರೂ ಪದ ಕೇಳುತ್ತದೆ, ಕೇಳದ ಪದವನ್ನು ಮಿದುಳು ತುಂಬಿಕೊಡುತ್ತದೆ. ಮೊದಲ ಸಲ ಕೇಳುವವರೊಬ್ಬರನ್ನು ಕೂರಿಸಿ ಸಾಲಿನ ಕೊನೆಯ ಪದ ಏನೆಂದು ಕೇಳಿ. ‘ಹೊಂಟೆ’ ಹೋಗಿ ‘ಹೊಟ್ಟೆ’ ಆಗಿದ್ದರೆ ಫೇಡರ್ ಬೇಡ, ಆ ತುಂಡಿಗೇ ವಾಪಸು ಹೋಗಿ.

ಫೋನ್ ಸ್ಪೀಕರ್‌ನಲ್ಲೂ ಕೇಳಿ, ಆದರೆ ಅದನ್ನೊಂದನ್ನೇ ನಂಬಬೇಡಿ. 808ರ ಮೂಲ ಸ್ವರ 40, 50 ಹರ್ಟ್ಸ್‌ನಲ್ಲಿರುತ್ತದೆ, ಫೋನ್‌ನ ಚಿಕ್ಕ ಸ್ಪೀಕರ್ ಅದನ್ನು ನುಡಿಸುವುದೇ ಇಲ್ಲ. ಬೀಟ್‌ನ ಅರ್ಧ ತೂಕ ಮಾಯವಾದ್ದರಿಂದ ದನಿ ಜೋರಾಗಿ ಕೇಳುತ್ತದೆ, ನೀವು ಇಳಿಸುತ್ತೀರಿ. ಅದೇ ಫೈಲ್ ಕಾರಿನಲ್ಲಿ ಹಾಕಿದರೆ 808 ಎದೆ ಬಡಿಯುತ್ತದೆ, ದನಿ ಹಿಂದಿನ ಸೀಟಿಗೆ ಹೋಗಿರುತ್ತದೆ. ಮುಂಬಯಿಯವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷಾಗಾರ ಬಿಟ್ಟಿಯಾಗಿ ಸಿಗುತ್ತದೆ: ಸೆಂಟ್ರಲ್ ಲೈನಿನ ಫಾಸ್ಟ್ ಲೋಕಲ್, ಸಾದಾ ವಯರಿನ ಇಯರ್‌ಫೋನ್. ಗಾಡಿಯ ಗಡಗಡ ಬೀಟ್‌ನ ಕೆಳಭಾಗವನ್ನೆಲ್ಲ ನುಂಗುತ್ತದೆ. ಕುರ್ಲಾದಿಂದ ಠಾಣೆಯವರೆಗೆ ಪದಗಳು ತಿಳಿದವು, ಮನೆಗೆ ಹೋಗಿ ಹೆಡ್‌ಫೋನ್‌ನಲ್ಲಿ ಕೇಳಿದಾಗ ದನಿ ಅಂಟಿಸಿದಂತಿಲ್ಲ ಎಂದಾದರೆ ಬ್ಯಾಲೆನ್ಸ್ ಕೂತಿದೆ.

ಪಲ್ಲವಿಯಲ್ಲಿ ಬೀಟ್ ದಟ್ಟವಾಗುತ್ತದೆ. ವಿ ಗೆರೆಯಲ್ಲಿ ದನಿಗೆ ಒಂದು ಒಂದೂವರೆ ಡಿಬಿ ಕೊಡಿ. ಡಬಲ್‌ಗಳು (ಅದೇ ಸಾಲನ್ನು ಮತ್ತೆ ಹಾಡಿ ಜೊತೆಗಿಡುವ ದನಿಗಳು) ಮುಖ್ಯ ದನಿಗಿಂತ 6ರಿಂದ 9 ಡಿಬಿ ಕೆಳಗೆ, ಎಡಬಲಕ್ಕೆ ಅರ್ಧದಷ್ಟು ಸರಿಸಿ. ಸಾಲಿನ ಬಾಲಕ್ಕೆ ಮಾತ್ರ ಡಬಲ್ ಇಟ್ಟರೆ ಆ ಬೀಳುವ ಕ್ರಿಯಾಪದಕ್ಕೊಂದು ಊರುಗೋಲು ಸಿಕ್ಕಂತೆ. ರಿವರ್ಬ್ (ದನಿಗೆ ಕೋಣೆಯ ಅನುರಣನ ಕೊಡುವ ಎಫೆಕ್ಟ್) ಬೇರೆ ಟ್ರ್ಯಾಕ್‌ನಲ್ಲಿರಲಿ, ಅದರ 250 ಹರ್ಟ್ಸ್ ಕೆಳಗಿನದನ್ನು ಕಡಿದುಬಿಡಿ.

ಕೊನೆಗೆ ಮಾಸ್ಟರ್ ಮೇಲೆ ರೀಪರ್‌ನ ಲಿಮಿಟರ್ ರಿಯಾಲಿಮಿಟ್, ಸೀಲಿಂಗ್ (ಮೇಲಿನ ಮಿತಿ) -1, ಟ್ರೂ ಪೀಕ್‌ಗೆ ಟಿಕ್. ಯೂಟ್ಯೂಬ್ -14 ಲಫ್ಸ್‌ಗಿಂತ ಜೋರಾದದ್ದನ್ನು ಇಳಿಸುತ್ತದೆ, ಸಣ್ಣದನ್ನು ಏರಿಸುವುದಿಲ್ಲ. ಹಾಗೆಂದು -14ಕ್ಕೇ ಹಟ ಹಿಡಿಯಬೇಕಿಲ್ಲ. ಬೀಟ್ ಹಾಡುಗಳು -10, -11 ಇದ್ದರೂ ನಡೆಯುತ್ತದೆ. ಗಮನಿಸಬೇಕಾದದ್ದು ಬೇರೆ: ಲಿಮಿಟರ್ 3, 4 ಡಿಬಿಗಿಂತ ಹೆಚ್ಚು ಒತ್ತತೊಡಗಿದರೆ ನೀವು ಅರ್ಧ ಡಿಬಿ ಅರ್ಧ ಡಿಬಿಯಾಗಿ ಕೂರಿಸಿದ ಬ್ಯಾಲೆನ್ಸ್ ಅಲುಗುತ್ತದೆ, ಸ್ನೇರ್ ತಗ್ಗಿ ದನಿ ಮುಂದೆ ಬರುತ್ತದೆ. ಆದ್ದರಿಂದ ಲಿಮಿಟರ್ ಹಾಕಿಕೊಂಡೇ ದನಿಯ ಫೇಡರ್ ಅನ್ನು ಕೊನೆಯ ಸಲ ನೋಡಿ. ಹಾಡನ್ನು ಫೈಲ್ ಆಗಿ ತೆಗೆಯುವ ರೆಂಡರ್ ಕಿಟಕಿಯಲ್ಲಿ ಡ್ರೈ ರನ್ ಎಂಬ ಗುಂಡಿಯಿದೆ, ಫೈಲ್ ಬರೆಯದೆ ಪೂರ್ತಿ ಹಾಡಿನ ಪೀಕ್, ಲಫ್ಸ್ ಲೆಕ್ಕ ಕೊಡುತ್ತದೆ. ಈ ಸಣ್ಣ ಸೌಲಭ್ಯಕ್ಕೇ ಒಂದು ಅಂಕ ಹೆಚ್ಚು ಕೊಡಬಹುದು.

ಕೊರತೆಗಳು ಇಲ್ಲದಿಲ್ಲ. ಸಕಾರ ಶಕಾರಗಳ ಚುಚ್ಚು ತೆಗೆಯಲು ನೆಚ್ಚಬಹುದಾದ ಒಂದು ನೇರ ಪ್ಲಗಿನ್ ಇಲ್ಲ. ಪಟ್ಟೆ ಪಟ್ಟೆಯಾಗಿ ಒತ್ತುವ ರಿಯಾಎಕ್ಸ್‌ಕಾಂಪ್‌ನಲ್ಲಿ 5ರಿಂದ 9 ಕಿಲೋಹರ್ಟ್ಸ್‌ನ ಒಂದೇ ಪಟ್ಟೆ ಇಟ್ಟುಕೊಂಡು ಒದ್ದಾಡಬೇಕು. ಶ್ರುತಿ ತಿದ್ದುವ ರಿಯಾಟ್ಯೂನ್ ಹೆಸರಿಗಷ್ಟೇ. ರಿಯಾಈಕ್ಯೂಗೆ ಸದ್ದಿನ ಜೊತೆ ಕುಣಿಯುವ ಗುಣವಿಲ್ಲ, ಒಮ್ಮೆ ಕಡಿದದ್ದು ಕಡಿದದ್ದೇ. ವಾದ್ಯಗಳು, ಲೂಪ್‌ಗಳು ಜೊತೆಗೆ ಬರುವುದಿಲ್ಲವಾದ್ದರಿಂದ ಬೀಟ್ ಕಟ್ಟುವವರಿಗೆ ಇದು ಖಾಲಿ ಕೋಣೆ. ಮೆನುಗಳೋ, ಕ್ರಾಫರ್ಡ್ ಮಾರ್ಕೆಟ್‌ನ ಗಲ್ಲಿಗಳು.

ಬೀಟ್ ಕಟ್ಟುವ ಸಾಫ್ಟ್‌ವೇರ್ ಎಫ್‌ಎಲ್ ಸ್ಟುಡಿಯೋದಲ್ಲಿ ಕೈ ಪಳಗಿದವರು ಇದಕ್ಕಾಗಿ ಅದನ್ನು ಬಿಡಬೇಕಾಗಿಲ್ಲ. ಬೀಟ್ ಅಲ್ಲಿ ಕಟ್ಟಿ, ದನಿಯನ್ನು ಇಲ್ಲಿ ಕೂರಿಸುವವರೂ ಇದ್ದಾರೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿ ಬಿಟ್ಟಿ, 2022ರ 3.2 ಆವೃತ್ತಿಯಿಂದ ಅದರಲ್ಲೂ ಎಫೆಕ್ಟ್‌ಗಳನ್ನು ಓಡುತ್ತಿರುವಾಗಲೇ ತಿರುಗಿಸಬಹುದು, ಆದರೆ ಮೇಲೆ ಹೇಳಿದ ಸೈಡ್‌ಚೈನ್ ದಾರಿ ಅಲ್ಲಿಲ್ಲ. ಬ್ಯಾಂಡ್‌ಲ್ಯಾಬ್ ಆ್ಯಪ್ ಫೋನ್‌ನಲ್ಲಿ ಕರಡು ಹಾಡಿಡಲು ಚೆನ್ನ. ರೀಪರ್‌ಗೆ ಕೊಟ್ಟು ಉಳಿದ ದುಡ್ಡಿದ್ದರೆ ಪ್ಲಗಿನ್‌ಗೆ ಹಾಕದೆ ಕಿವಿ ಮುಚ್ಚುವ ಒಂದು ಹೆಡ್‌ಫೋನ್‌ಗೆ ಹಾಕಿ. ಧೋಬಿ ತಲಾವ್‌ನ ಸಂಗೀತದ ಅಂಗಡಿಗಳಿಗೆ ನಿಮ್ಮದೇ ಮಿಕ್ಸ್ ಫೋನ್‌ನಲ್ಲಿ ಒಯ್ದು, ಕೇಳಿಸುತ್ತಾರಾ ಎಂದು ವಿಚಾರಿಸಿ ಕೊಳ್ಳಿ.

ಮಾಟುಂಗದ ಮೈಸೂರು ಅಸೋಸಿಯೇಷನ್‌ನಂಥ ವೇದಿಕೆಯಲ್ಲಿ ಟ್ರ್ಯಾಕ್ ಹಾಕಿ ಹಾಡುವವರು ಮಾತ್ರ ಇನ್ನೊಂದು ಫೈಲ್ ತೆಗೆದಿಟ್ಟುಕೊಳ್ಳಬೇಕು. ಮುಖ್ಯ ದನಿಯ ಟ್ರ್ಯಾಕ್ ಮ್ಯೂಟ್ ಮಾಡಿ. ಸೈಡ್‌ಚೈನ್‌ನ ರಿಯಾಕಾಂಪ್‌ನ ಟಿಕ್ ತೆಗೆಯಿರಿ, ರಿಯಾಈಕ್ಯೂ ತಗ್ಗು ಇರಲಿ. ಡಬಲ್‌ಗಳನ್ನು ಇನ್ನೂ 3 ಡಿಬಿ ಇಳಿಸಿ, ಲಿಮಿಟರ್ ಸಡಿಲಿಸಿ -16 ಲಫ್ಸ್ ಸುತ್ತ ಮೋನೋದಲ್ಲಿ ರೆಂಡರ್ ಮಾಡಿ. ಸಭಾಂಗಣದ ಸ್ಪೀಕರ್‌ಗಳಲ್ಲಿ ಎಡಕ್ಕೆ ಕೂತವರಿಗೆ ಎಡದ ಸದ್ದಷ್ಟೇ ತಲುಪುವುದರಿಂದ ಮೋನೋ. ಮೊದಲಿಗೆ ಎರಡು ಬಾರ್ ಕ್ಲಿಕ್ ಸೇರಿಸುವುದನ್ನು ಮರೆತರೆ ಹಾಡುವವರಿಗೆ ಎತ್ತುಗಡೆ ಸಿಗುವುದಿಲ್ಲ.